ಮನೆಯ ಹಣ ಬೇರೆ, ಮನೆಯ ಸಾಲ ಬೇರೆ

ಮಳೆಗಾಲದಲ್ಲಿ ಮಣ್ಣಿನ ಗೋಡೆ ನೆನೆಯುತ್ತದೆ. ಮೊದಲು ಮೂಲೆ ಉಬ್ಬುತ್ತದೆ. ಆಮೇಲೆ ಬಿರುಕು ಬಿಡುತ್ತದೆ. ಒಂದು ರಾತ್ರಿ ಗೋಡೆ ಕುಸಿಯುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳ ಹೆಂಗಸರಿಗೆ ಇದು ಗೊತ್ತಿರುವ ಮಾತು. ವರದಾ ನದಿ ತುಂಬಿ ಬಂದರೆ ಹಾನಗಲ್ಲ, ಸವಣೂರು ಕಡೆಯ ಹೊಳೆದಂಡೆಯ ಊರುಗಳಿಗೆ ಭಯ.

2019ರ ಆಗಸ್ಟ್ ತಿಂಗಳ ಮಳೆ ನೆನಪಿದೆಯಲ್ಲ? ಆಗ ಹಾವೇರಿ ಜಿಲ್ಲೆಯಲ್ಲಿ ಬಹಳ ಮನೆ ಬಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿತು. ಆದರೆ ಹಣಕ್ಕೆ ಕಾಗದ ಬೇಕು. ಕಾಗದದಲ್ಲಿ ಹೆಸರು ಬೇಕು. ತೀರಿಹೋದ ಮಾವನ ಹೆಸರೇ ಉತಾರದಲ್ಲಿ ಉಳಿದಿದ್ದರೆ, ಆ ಮನೆಯ ಸೊಸೆ ಏನು ಮಾಡಬೇಕು?

ಮನೆ ಕಟ್ಟಲು ಸರ್ಕಾರದ ಹಣ ಯಾರಿಗೆ ಸಿಗುತ್ತದೆ, ಸಾಲ ಯಾವಾಗ ಬೇಕಾಗುತ್ತದೆ, ಯಾವ ಕಾಗದ ಓದಿ ನೋಡಬೇಕು ಎಂಬುದು ಈ ಪಾಠದಲ್ಲಿದೆ.

ನೀಲವ್ವ ಕೇಳಿದಳು

ಒಬ್ಬಾಕೆಗೆ ನೀಲವ್ವ ಎಂದು ಹೆಸರಿಡೋಣ. ಕೂಲಿ ಮಾಡುತ್ತಾಳೆ. ಒಂದೂವರೆ ಎಕರೆ ಒಣಭೂಮಿ ಇದೆ, ಗೋವಿನಜೋಳ ಹಾಕುತ್ತಾರೆ. ಎರಡು ಕೋಣೆಯ ಮಣ್ಣಿನ ಮನೆ. ಒಂದು ಸಂಜೆ ಅಕ್ಷರ ಕೇಂದ್ರಕ್ಕೆ ಬಂದಳು. ಅಲ್ಲಿ ಪಾಠ ಹೇಳುವ ಹುಡುಗಿ ಅದೇ ಊರಿನವಳು.

ನೀಲವ್ವ: ತಂಗಿ, ಪಂಚಾಯ್ತಿಗೆ ಮನಿ ಸಾಲ ಬಂದೈತಂತ. ನಮಗ ಸಾಲ ಅಂದ್ರ ಅಂಜಿಕಿ. ತೀರಸೂದು ಹೆಂಗ?

ಹುಡುಗಿ: ಚಿಗವ್ವಾ, ಅದು ಸಾಲ ಅಲ್ಲ. ಸಹಾಯಧನ ಅದು. ತಿರುಗಿ ಕಟ್ಟೂದು ಇಲ್ಲ.

ನೀಲವ್ವ: ಹಂಗಾರ ಮತ್ತ ಎಲ್ಲಾರೂ ಸಾಲ ಸಾಲ ಅಂತಾರಲ್ಲ?

ಹುಡುಗಿ: ಸಹಾಯಧನ ಸಾಲಂಗಿಲ್ಲ ಅಂತ ಮ್ಯಾಲೆ ಸಾಲ ಮಾಡ್ತಾರ. ಎರಡೂ ಕೂಡಿ ಒಂದ ಆಗಿ ಕಾಣತೈತಿ. ಬೇರೆ ಬೇರೆ ಮಾಡಿ ನೋಡಬೇಕು.

ನೀಲವ್ವನ ಅಂಜಿಕೆ ಸುಳ್ಳಲ್ಲ. ಆದರೆ ಎರಡನ್ನೂ ಬೇರೆ ಮಾಡದೆ ಅಂಜಿದರೆ ಬರುವ ಹಣವೂ ಬರುವುದಿಲ್ಲ. ಅಂಜದೆ ನುಗ್ಗಿದರೆ ಮನೆ ಅರ್ಧಕ್ಕೆ ನಿಲ್ಲುತ್ತದೆ.

ಹಣ ಎಲ್ಲಿಂದ ಬರುತ್ತದೆ

ನಮ್ಮ ಊರುಗಳಲ್ಲಿ ಹಿರಿಯರು ಇಂದಿಗೂ ‘ಜನತಾ ಪ್ಲಾಟು’, ‘ಆಶ್ರಯ ಮನಿ’ ಎನ್ನುತ್ತಾರೆ. ಇವು ಹಳೆಯ ಯೋಜನೆಗಳ ಹೆಸರು. ಆಶ್ರಯ ಯೋಜನೆ 1991-92ರಲ್ಲಿ ಬಂತು. ಆಗ ಈ ನಾಲ್ಕೂ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ರಾಜ್ಯದ ವಸತಿ ಯೋಜನೆಗಳನ್ನು ನೋಡಿಕೊಳ್ಳಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆಯಿತು. 2010-11ರಲ್ಲಿ ಬಸವ ವಸತಿ ಯೋಜನೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಇದೆ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಅಲೆಮಾರಿಗಳು ದೇವರಾಜ ಅರಸು ವಸತಿ ಯೋಜನೆಯ ಹೆಸರು ಹೇಳಿ ಕೇಳಬೇಕು.

ಕೇಂದ್ರ ಸರ್ಕಾರದ್ದು ಮೊದಲು ಇಂದಿರಾ ಆವಾಸ್ ಎಂದಿತ್ತು. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಯೋಜನೆ, ಗ್ರಾಮೀಣ, ಎಂದಾಯಿತು. ಬಯಲು ಸೀಮೆಯಲ್ಲಿ ಒಂದು ಮನೆಗೆ 1,20,000 ರೂಪಾಯಿ. ನೂರು ರೂಪಾಯಿಯಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಶೌಚಾಲಯಕ್ಕೆ 12,000 ರೂಪಾಯಿ ಬೇರೆ. 2024ರಲ್ಲಿ ಈ ಯೋಜನೆಯನ್ನು ಇನ್ನೂ ಐದು ವರ್ಷ, ಅಂದರೆ 2029ರ ಮಾರ್ಚ್‌ವರೆಗೆ, ಮುಂದುವರಿಸಿದರು.

ಯೋಜನೆಯ ಹೆಸರು ಬದಲಾಗುತ್ತಲೇ ಇರುತ್ತದೆ. ಬಾಯಿಪಾಠ ಮಾಡಬೇಕಾಗಿಲ್ಲ. ಪಂಚಾಯಿತಿಯಲ್ಲಿ ಹೀಗೆ ಕೇಳಿದರೆ ಸಾಕು: ‘ಈ ವರ್ಷ ಯಾವ ಯೋಜನೆಯಲ್ಲಿ ಮನೆ ಬಂದಿವೆ? ಎಷ್ಟು ಬಂದಿವೆ? ಒಂದು ಮನೆಗೆ ಎಷ್ಟು ರೂಪಾಯಿ?’

ಯಾರಿಗೆ ಉಂಟು, ಯಾರಿಗೆ ಇಲ್ಲ

ಮನೆಯೇ ಇಲ್ಲದವರಿಗೆ ಉಂಟು. ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದು ಅಥವಾ ಎರಡು ಕೋಣೆಯಲ್ಲಿ ಇರುವವರಿಗೆ ಉಂಟು. ದೇಶದಲ್ಲಿ ಎಲ್ಲಿಯಾದರೂ ಪಕ್ಕಾ ಮನೆ ಇದ್ದವರಿಗೆ ಇಲ್ಲ.

ಇಲ್ಲಿ ಒಂದು ತೊಡಕಿದೆ. 2011ರ ಸಮೀಕ್ಷೆಯಲ್ಲಿ ತಗಡಿನ ಛಾವಣಿಯನ್ನು ಗಟ್ಟಿ ಛಾವಣಿಯ ಲೆಕ್ಕಕ್ಕೆ ಹಿಡಿದಿದ್ದರು. ಗೋಡೆ ಮಣ್ಣಿನದೇ. ಸೋರುತ್ತದೆಂದು ಸಾಲ ಮಾಡಿ ಮೇಲೆ ನಾಲ್ಕು ತಗಡು ಹಾಕಿದವರು ಪಟ್ಟಿಯಿಂದ ಆಚೆ ಉಳಿಯುವಂತಾಯಿತು. ಇದು ಸರಿಯಾದ ಅಳತೆ ಎಂದು ಯಾರು ಹೇಳಿಯಾರು? ಹೀಗೆ ಬಿಟ್ಟುಹೋದ ಹೆಸರುಗಳಿಗಾಗಿ 2018ರಲ್ಲಿ ಒಂದು ಸಮೀಕ್ಷೆ ಶುರುವಾಯಿತು. 2024ರ ನಂತರ ಮತ್ತೊಂದು ನಡೆಯಿತು. ಆದ್ದರಿಂದ ‘ನಮ್ಮದು ಹಿಂದೆ ಬರಲಿಲ್ಲ’ ಎಂದು ಸುಮ್ಮನೆ ಕೂಡಬೇಡಿ. ಹೊಸ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಓದಿ ನೋಡಿ.

ಕೇಂದ್ರದ ಯೋಜನೆಯಲ್ಲಿ ಇನ್ನೂ ಕೆಲವರನ್ನು ಬಿಡುತ್ತಾರೆ. ಮನೆಯಲ್ಲಿ ಕಾರು, ಟಂಟಂ, ಟ್ರ್ಯಾಕ್ಟರ್ ಇದ್ದರೆ ಇಲ್ಲ. ಯಾರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ ಇಲ್ಲ. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಒಬ್ಬರ ದುಡಿಮೆ ತಿಂಗಳಿಗೆ 15,000 ರೂಪಾಯಿ ದಾಟಿದರೆ ಇಲ್ಲ. ಈ ಮಿತಿ ಮೊದಲು 10,000 ಇತ್ತು, 2024ರಲ್ಲಿ ಏರಿಸಿದರು. ನೀರಾವರಿ ಭೂಮಿ ಎರಡೂವರೆ ಎಕರೆ, ಒಣಭೂಮಿ ಐದು ಎಕರೆ ಮುಟ್ಟಿದರೆ ಇಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50,000 ಅಥವಾ ಹೆಚ್ಚು ಇದ್ದರೂ ಇಲ್ಲ.

ಮೊದಲು ಮೋಟಾರ್ ಸೈಕಲ್, ಫ್ರಿಜ್ ಇದ್ದರೂ ಮನೆ ಇಲ್ಲ ಎನ್ನುತ್ತಿದ್ದರು. 2024ರಲ್ಲಿ ಅವೆರಡನ್ನೂ ತೆಗೆದುಹಾಕಿದರು. ಈಗಲೂ ಯಾರಾದರೂ ‘ನಿಮ್ಮ ಮನ್ಯಾಗ ಗಾಡಿ ಐತಿ, ನಿಮಗ ಬರಂಗಿಲ್ಲ’ ಅಂದರೆ, ಯಾವ ಗಾಡಿ ಎಂದು ಕೇಳಿ. ಎರಡು ಗಾಲಿಯದಕ್ಕೆ ಅಡ್ಡಿ ಇಲ್ಲ.

ರಾಜ್ಯದ ಯೋಜನೆಗಳಿಗೆ ಆದಾಯದ ಮಿತಿ ಬೇರೆ. ಹಳ್ಳಿಯಲ್ಲಿ ಮೊದಲು ವರ್ಷಕ್ಕೆ 32,000 ರೂಪಾಯಿ ಎಂದಿತ್ತು. ಕೂಲಿ ಮಾಡುವ ಗಂಡ ಹೆಂಡತಿಯ ದುಡಿಮೆಯೇ ಅದನ್ನು ದಾಟುತ್ತಿತ್ತು. ಆಮೇಲೆ ಅದನ್ನು 1,20,000 ರೂಪಾಯಿಗೆ ಏರಿಸಿದರು. ಆದಾಯದ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ.

ನೀಲವ್ವನ ಒಣಭೂಮಿ ಒಂದೂವರೆ ಎಕರೆ. ಮನೆ ಎರಡು ಕೋಣೆಯದು. ಟ್ರ್ಯಾಕ್ಟರ್ ಇಲ್ಲ, ನೌಕರಿ ಇಲ್ಲ. ಅವಳು ಕೇಳಬಹುದು.

ನಿಮ್ಮ ಹೆಸರನ್ನು ಮೂರು ಕಡೆ ಓದಿ

ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ, ಇಲ್ಲವೆ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಇದು ದೊಡ್ಡ ಮಾತು. ‘ಅವರ ಹೆಸರ್ಲೆ ಇರಲಿ ಬಿಡ್ರಿ’ ಎಂದು ನೀವಾಗಿಯೇ ಬಿಟ್ಟುಕೊಡಬೇಡಿ. ನಾಳೆ ಏನಾದರೂ ಆದರೆ ಆ ಸೂರು ನಿಮ್ಮದು ಎಂದು ಹೇಳುವುದು ಆ ಕಾಗದವೇ.

ಆದರೆ ನಿಮ್ಮ ಹೆಸರು ಎಲ್ಲ ಕಡೆ ಒಂದೇ ರೀತಿ ಇದೆಯೇ?

ನಮ್ಮ ಸೀಮೆಯಲ್ಲಿ ಹೆಸರು ಬಾಯಿಂದ ಬಾಯಿಗೆ ಬದಲಾಗುತ್ತದೆ. ಪಡಿತರ ಚೀಟಿಯಲ್ಲಿ ‘ನೀಲವ್ವ’. ಆಧಾರ್ ಕಾರ್ಡಿನಲ್ಲಿ ‘ನೀಲಮ್ಮ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ನೀಲಾವತಿ’. ಊರಿಗೆ ಮೂವರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಒಂದು ಕಡೆ ತವರಿನ ಅಡ್ಡಹೆಸರು, ಇನ್ನೊಂದು ಕಡೆ ಗಂಡನ ಮನೆಯ ಅಡ್ಡಹೆಸರು ಇರುವುದೂ ಉಂಟು. ಮನೆಯ ಹಣ ಯಾರ ಕೈಗೂ ಬರುವುದಿಲ್ಲ, ನೇರವಾಗಿ ಖಾತೆಗೆ ಬೀಳುತ್ತದೆ. ಹೆಸರು ಕೂಡದಿದ್ದರೆ ಬೀಳದೆ ನಿಲ್ಲುತ್ತದೆ.

ಓದು ಕಲಿಯದ ಕಾಲದಲ್ಲಿ ಇದನ್ನು ಬೇರೆಯವರೇ ನೋಡಿ ಹೇಳಬೇಕಾಗಿತ್ತು. ಈಗ ನೀವೇ ನೋಡಬಲ್ಲಿರಿ. ಮೂರೂ ಕಾಗದ ಚಾಪೆಯ ಮೇಲೆ ಹರವಿ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ. ವ್ಯತ್ಯಾಸ ಕಂಡರೆ ಅರ್ಜಿ ಕೊಡುವ ಮೊದಲೇ ಆಧಾರ್ ಕೇಂದ್ರದಲ್ಲಿ ಅಥವಾ ಬ್ಯಾಂಕಿನಲ್ಲಿ ತಿದ್ದಿಸಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಬ್ಯಾಂಕಿನಲ್ಲಿ ಕೇಳಿ.

ಜಾಗ ಯಾರದು

ಮನೆ ಕಟ್ಟಲು ಜಾಗ ಬೇಕು. ಜಾಗಕ್ಕೆ ಕಾಗದ ಬೇಕು. ಊರಿನ ಜಾಗಕ್ಕೆ ಪಂಚಾಯಿತಿ ಕೊಡುವ ಉತಾರವೇ ಕಾಗದ. ಈಗ ಅದನ್ನು ಇ-ಸ್ವತ್ತು ಎನ್ನುತ್ತಾರೆ. ನಮೂನೆ 9, ನಮೂನೆ 11 ಎಂಬ ಮಾತು ಕೇಳಿರಬಹುದು. ಸರ್ಕಾರ ಜಾಗ ಕೊಟ್ಟಿದ್ದರೆ ಹಕ್ಕುಪತ್ರ ಇರುತ್ತದೆ.

ಹೆಚ್ಚಿನ ಮನೆಗಳಲ್ಲಿ ಗಂಟು ಇಲ್ಲೇ ಬೀಳುತ್ತದೆ. ಉತಾರ ಮಾವನ ಹೆಸರಿನಲ್ಲಿದೆ. ಮಾವ ತೀರಿ ಹತ್ತು ವರ್ಷ ಆಯಿತು. ಗಂಡನಿಗೆ ಮೂವರು ಅಣ್ಣತಮ್ಮಂದಿರು. ಯಾರೂ ವಾರಸಾ ಹಚ್ಚಿಲ್ಲ. ಮರಣ ಪ್ರಮಾಣ ಪತ್ರವೂ ತೆಗೆದಿಲ್ಲ. ಹೀಗಿದ್ದರೆ ಮೊದಲ ಕೆಲಸ ಅದು. ಮರಣದ ಪತ್ರ, ವಂಶಾವಳಿ, ಆಮೇಲೆ ವಾರಸಾ. ಅಣ್ಣತಮ್ಮಂದಿರು ಕೂಡಿ ವಾಟ್ನಿ ಮಾಡಿಕೊಂಡರೆ ನಿಮ್ಮ ಪಾಲಿನ ಜಾಗ ಬೇರೆಯಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆ ಮಂಜೂರಾದ ಮೇಲೆ ಓಡಾಡಿದರೆ ತಡ. ಮನಸ್ತಾಪ ಇಲ್ಲದ ದಿನಗಳಲ್ಲೇ ಮಾಡಿಸಿಕೊಳ್ಳುವುದು ಜಾಣತನ.

ಸರ್ಕಾರಿ ಜಾಗದಲ್ಲಿ ಬಹಳ ವರ್ಷಗಳಿಂದ ಗುಡಿಸಲು ಹಾಕಿಕೊಂಡವರೂ ಇದ್ದಾರೆ. ಭೂ ಕಂದಾಯ ಕಾಯ್ದೆಯ 94-ಸಿ ಎಂಬ ಕಲಮಿನಲ್ಲಿ ಅಂಥ ಮನೆಗಳನ್ನು ಸಕ್ರಮ ಮಾಡಲು ಅವಕಾಶ ಕೊಟ್ಟಿದ್ದಾರೆ. ಅದನ್ನು ತಹಶೀಲ್ದಾರ ಕಚೇರಿಯಲ್ಲಿ ಕೇಳಬೇಕು. ಜಾಗವೇ ಇಲ್ಲದವರು ನಿವೇಶನಕ್ಕೆ ಪಂಚಾಯಿತಿಯಲ್ಲಿ ಬೇರೆ ಅರ್ಜಿ ಕೊಡಬೇಕು.

ಗ್ರಾಮ ಸಭೆಯಲ್ಲಿ ಕೂಡ್ರಿ

ಹೆಸರು ಆರಿಸುವ ಜಾಗ ಗ್ರಾಮ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಕರೆಯಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಗಂಡಸರು ಕಟ್ಟೆಯ ಮೇಲೆ ಕೂತಿರುತ್ತಾರೆ, ಹೆಂಗಸರು ಹೊರಗೆ ಗೋಡೆಗೆ ಆತು ನಿಂತಿರುತ್ತಾರೆ. ಒಳಗೆ ಬನ್ನಿ. ಹತ್ತು ಜನ ಕೂಡಿ ಬನ್ನಿ. ಪಟ್ಟಿಯನ್ನು ಗಟ್ಟಿಯಾಗಿ ಓದಿ ಎಂದು ಹೇಳಿ. ನಿಮ್ಮ ಹೆಸರು ಬಿಟ್ಟಿದ್ದರೆ ಅಲ್ಲೇ ಹೇಳಿ, ಬರೆದುಕೊಂಡರೇ ಎಂದು ನೋಡಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಅರ್ಜಿ ಬರೆಯಬಹುದು.

ಹೆಸರು ಹಾಕಿಸುತ್ತೇನೆ, ಕಂತು ಬಿಡಿಸುತ್ತೇನೆ ಎಂದು ರೊಕ್ಕ ಕೇಳುವವರು ಬರುತ್ತಾರೆ. ಕೊಡಬೇಡಿ. ಪಟ್ಟಿಗೆ ಸೇರಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ನಿಮ್ಮ ಅರ್ಜಿ ಏನಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅದಕ್ಕೆ 10 ರೂಪಾಯಿ ಶುಲ್ಕ. ಬಿ.ಪಿ.ಎಲ್. ಚೀಟಿ ಇದ್ದವರಿಗೆ ಅದೂ ಇಲ್ಲ.

ಕಂತು ಹೇಗೆ ಬರುತ್ತದೆ

ಹಣ ಒಮ್ಮೆಲೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ತಿ ಮನೆ, ಹೀಗೆ ಕೆಲಸ ಆದಂತೆ ಬರುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆಯುತ್ತಾರೆ. ಆ ಫೋಟೋದಲ್ಲಿ ಜಾಗದ ಗುರುತೂ ದಾಖಲಾಗುತ್ತದೆ. ಬೇರೆ ಕಡೆ ಕಟ್ಟಿ ಇಲ್ಲಿ ತೋರಿಸಲು ಬರುವುದಿಲ್ಲ.

ಮೊದಲ ಫೋಟೋ ಕೆಲಸಕ್ಕೆ ಮುಂಚಿನದು. ಹಳೆಯ ಮನೆಯನ್ನೂ ಖಾಲಿ ಜಾಗವನ್ನೂ ತೆಗೆಯಬೇಕು. ಒಳ್ಳೆಯ ಮುಹೂರ್ತ ಇದೆ ಎಂದು ಆದೇಶಕ್ಕೆ ಮುಂಚೆಯೇ ಹಳೆ ಗೋಡೆ ಕೆಡವಿ ತಳಪಾಯ ಹಾಕಿದರೆ ಕಂತಿಗೆ ತೊಂದರೆ. ಮುಹೂರ್ತ ಇನ್ನೊಂದು ಸಿಗುತ್ತದೆ. ಕೇಂದ್ರದ ಯೋಜನೆಯಲ್ಲಿ ಮಂಜೂರಾದ ದಿನದಿಂದ 12 ತಿಂಗಳಲ್ಲಿ ಮನೆ ಮುಗಿಯಬೇಕು.

ಇನ್ನು ಸಾಲದ ಲೆಕ್ಕ

ಮೊದಲ ಕಂತು ಬರುವ ಮೊದಲೇ ಇಟ್ಟಂಗಿ, ಉಸುಕು, ಸಿಮೆಂಟು ತರಬೇಕು. ಗೌಂಡಿ ವಾರದ ಕೂಲಿ ಕೇಳುತ್ತಾನೆ. ಸಾಲದ ಬಾಗಿಲು ತೆರೆಯುವುದು ಇಲ್ಲಿ.

ಎಷ್ಟು ದೊಡ್ಡ ಮನೆ ಎಂಬುದನ್ನು ಮೊದಲು ತೀರ್ಮಾನಿಸಿ. ಅಡಿಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕೆಂದು ನಿಯಮ. ಅಂದರೆ ಸುಮಾರು 16 ಅಡಿಗೆ 17 ಅಡಿ. ‘ಕಟ್ಟೂದು ಒಮ್ಮೆ, ದೊಡ್ಡದಾಗಿ ಕಟ್ಟೋಣು’ ಎಂದು ಗಂಡಸರು ಹೇಳುತ್ತಾರೆ. ಊರಲ್ಲಿ ತಳಪಾಯಕ್ಕೇ ನಿಂತು ಹುಲ್ಲು ಬೆಳೆದ ಮನೆಗಳನ್ನು ತೋರಿಸಿ ಮಾತಾಡಿ.

ನೀಲವ್ವನ ಸಣ್ಣ ಮನೆಗೆ 2,00,000 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳಿ. ಸಹಾಯಧನ 1,20,000. ಶೌಚಾಲಯದ್ದು 12,000. ಕೂಡಿದರೆ 1,32,000. ಕಡಿಮೆ ಬೀಳುವುದು 68,000. ಕೇಂದ್ರದ ಯೋಜನೆಯ ಫಲಾನುಭವಿ ಬಯಸಿದರೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲಕ್ಕೆ ನೆರವಾಗಬೇಕು ಎಂದು ನಿಯಮದಲ್ಲಿದೆ. ಇದು ಸಾಲ. ಇದನ್ನು ತೀರಿಸಬೇಕು. ಬ್ಯಾಂಕು ನಿಮ್ಮ ದುಡಿಮೆ, ಹಳೆಯ ಸಾಲ ನೋಡಿಯೇ ಕೊಡುತ್ತದೆ.

ಒಂದೇ 70,000 ರೂಪಾಯಿಯನ್ನು ಮೂರು ಕಡೆ ಇಟ್ಟು ನೋಡೋಣ. ಬಡ್ಡಿ ದರ ಲೆಕ್ಕಕ್ಕಾಗಿ ಹಿಡಿದದ್ದು.

ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 10 ರೂಪಾಯಿ, ಉಳಿದ ಅಸಲಿಗೆ ಮಾತ್ರ ಬಡ್ಡಿ. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 1,490. ಒಟ್ಟು ಕಟ್ಟುವುದು ಸುಮಾರು 89,000.

ಇನ್ನೊಬ್ಬರು ಹೇಳುತ್ತಾರೆ: ‘ನಮ್ಮದೂ ನೂರಕ್ಕೆ 10.’ ಆದರೆ ಐದೂ ವರ್ಷ ಪೂರ್ತಿ 70,000ಕ್ಕೇ ಬಡ್ಡಿ ಹಿಡಿಯುತ್ತಾರೆ. ಆಗ ಬಡ್ಡಿ 35,000. ಒಟ್ಟು 1,05,000. ದರ ಒಂದೇ, ಹೊರೆ 16,000 ಹೆಚ್ಚು. ಅದಕ್ಕೇ ಕೇಳಬೇಕು: ‘ಕಟ್ಟಿದ ಹಾಗೆ ಬಡ್ಡಿ ಇಳಿಯುತ್ತದೆಯೇ?’

ಮೂರನೆಯದು ಊರಿನ ಕೈಸಾಲ. ‘ನೂರಕ್ಕೆ ಎರಡು ರೂಪಾಯಿ’ ಎಂದರೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ 24. 70,000ಕ್ಕೆ ಮೊದಲ ತಿಂಗಳ ಬಡ್ಡಿಯೇ 1,400. ನೀಲವ್ವ ಬ್ಯಾಂಕಿಗೆ ಕಟ್ಟುವಷ್ಟೇ, ಅಂದರೆ 1,490, ಇಲ್ಲಿ ಕಟ್ಟಿದಳು ಎನ್ನಿ. ಅಸಲಿಗೆ ಹೋದದ್ದು 90 ರೂಪಾಯಿ! ಹೀಗೆಯೇ ಕಟ್ಟುತ್ತ ಹೋದರೆ ಐದು ವರ್ಷದ ಮೇಲೂ ಸುಮಾರು 59,700 ರೂಪಾಯಿ ಸಾಲ ಉಳಿದಿರುತ್ತದೆ. ಬ್ಯಾಂಕಿನಲ್ಲಿ ಅಷ್ಟು ಹೊತ್ತಿಗೆ ಸಾಲ ತೀರಿರುತ್ತದೆ.

ಸ್ವಸಹಾಯ ಸಂಘದಲ್ಲಿ ಇದ್ದವರು ಮೊದಲು ಸಂಘದಲ್ಲೇ ಕೇಳಿ. ಸಂಘಕ್ಕೆ ಬ್ಯಾಂಕು ಕೊಡುವ ಸಾಲದಲ್ಲಿ 10 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ.

ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಮೈಕ್ರೊಫೈನಾನ್ಸ್ ಕಂಪನಿಗಳೂ ಇವೆ. ಕೊಡುವುದು ಬೇಗ. ವಸೂಲಿಯೂ ವಾರವಾರ. ಒಂದರ ಕಂತಿಗೆ ಇನ್ನೊಂದು ಸಾಲ ಮಾಡಿದವರ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ‘ಮಾಂಗಲ್ಯ ಉಳಿಸಿ’ ಎಂದು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದ್ದರು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲಗಾರರನ್ನು ಹೆದರಿಸಿ, ಬೈದು, ಮನೆ ಮುಂದೆ ಕೂತು ವಸೂಲಿ ಮಾಡುವುದು ಅಪರಾಧ. ಹಾಗೆ ಮಾಡಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಸಾಲ ಮಾತ್ರ ಹಾಗೇ ಉಳಿಯುತ್ತದೆ.

ಓದಿ, ಬರೆಯಿರಿ

ಈ ಪದಗಳನ್ನು ಮೂರು ಸಲ ಓದಿ: ಸಹಾಯಧನ, ಫಲಾನುಭವಿ, ಹಕ್ಕುಪತ್ರ, ವಾರಸಾ, ಅಸಲು, ಬಡ್ಡಿ, ಕಂತು, ಸ್ವೀಕೃತಿ.

ಲೆಕ್ಕ ಮಾಡಿ: ಮನೆಯ ಖರ್ಚು 2,40,000 ಆದರೆ ನೀಲವ್ವನಿಗೆ ಎಷ್ಟು ಕಡಿಮೆ ಬೀಳುತ್ತದೆ? 70,000 ಬ್ಯಾಂಕ್ ಸಾಲ ತಂದ ಮೇಲೂ ಎಷ್ಟು ಉಳಿಯುತ್ತದೆ? ಅದನ್ನು ಎಲ್ಲಿಂದ ತರಬೇಕು? ಮನೆಯವರ ಜೊತೆ ಕೂತು ಮಾತಾಡಿ.

ಕೆಳಗಿನ ಅರ್ಜಿಯನ್ನು ನಿಮ್ಮ ಕೈಯಿಂದಲೇ ಬಿಳಿ ಹಾಳೆಯ ಮೇಲೆ ಬರೆಯಿರಿ. ಖಾಲಿ ಬಿಟ್ಟಲ್ಲಿ ನಿಮ್ಮ ವಿವರ ತುಂಬಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಹಿ, ಶಿಕ್ಕೆ, ತಾರೀಖು ಹಾಕಿಸಿಕೊಳ್ಳಿ. ಅದೇ ಸ್ವೀಕೃತಿ. ಅದನ್ನು ಜೋಪಾನವಾಗಿಡಿ.

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ……………,
ತಾಲ್ಲೂಕು ……………, ಜಿಲ್ಲೆ ಹಾವೇರಿ.

ಮಾನ್ಯರೇ,

ವಿಷಯ: ವಸತಿ ಯೋಜನೆಯ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸುವ ಬಗ್ಗೆ.

ನಾನು …………… ಗ್ರಾಮದಲ್ಲಿ ವಾಸವಾಗಿದ್ದೇನೆ. ನಮ್ಮದು …… ಕೋಣೆಯ ಮಣ್ಣಿನ ಮನೆ. ಬೇರೆ ಎಲ್ಲಿಯೂ ಪಕ್ಕಾ ಮನೆ ಇಲ್ಲ. ನಮಗೆ ಇರುವ ಜಮೀನು …… ಎಕರೆ. ವರ್ಷದ ಆದಾಯ …………… ರೂಪಾಯಿ. ಮನೆಯ ಜಾಗ …………… ಇವರ ಹೆಸರಿನಲ್ಲಿದೆ. ಮುಂದಿನ ಗ್ರಾಮ ಸಭೆಯಲ್ಲಿ ನನ್ನ ಅರ್ಜಿಯನ್ನು ಓದಿ, ಹೆಸರನ್ನು ಪಟ್ಟಿಯಲ್ಲಿ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸೇರಿಸಲು ಆಗದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು.

ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ಉತಾರ, ಆದಾಯ ಪ್ರಮಾಣ ಪತ್ರದ ನಕಲು ಲಗತ್ತಿಸಿದ್ದೇನೆ.

ತಾರೀಖು: ……………
ಊರು: ……………

ಅರ್ಜಿದಾರಳ ಸಹಿ: ……………